ಎರಡು ಊರುಗಳು, ಎರಡು ಸಂಖ್ಯೆಗಳು

ಶಿವಮೊಗ್ಗದ ಪ್ರಧಾನ ಅಂಚೆ ಕಚೇರಿಯ ಪಿನ್ ಸಂಖ್ಯೆ 577201, ಭದ್ರಾವತಿಯದು 577301. ಈ ಪದ್ಧತಿಯು ನಮ್ಮ ದೇಶದಲ್ಲಿ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಅಂಚೆಯವರಿಗೆ ಇವು ವಿಳಾಸದ ಗುರುತುಗಳು; ಗಣಿತದ ವಿದ್ಯಾರ್ಥಿಗಾದರೋ ಇವು ಆರಂಕಿಯ ಪೂರ್ಣಾಂಕಗಳು. ಇವುಗಳ ಗುಣಗಳನ್ನು ಈಗ ವಿಚಾರಿಸೋಣ.

577201 ಅವಿಭಾಜ್ಯ ಸಂಖ್ಯೆಯೆ? ಅದರ ಕೊನೆಯ ಅಂಕೆ 1. ಆದುದರಿಂದ 2 ಮತ್ತು 5 ಅದನ್ನು ಭಾಗಿಸಲಾರವು. ಅಂಕೆಗಳ ಮೊತ್ತ 22. ಆದುದರಿಂದ 3 ಕೂಡ ಭಾಗಿಸದು. 7ರಿಂದ ಭಾಗಿಸಿದರೆ ಶೇಷ 2, 11ರಿಂದ ಭಾಗಿಸಿದರೆ ಶೇಷ 9, 13ರಿಂದ ಭಾಗಿಸಿದರೆ ಶೇಷ 1. ಇಷ್ಟಕ್ಕೇ ಬೇಸತ್ತು ‘ಅವಿಭಾಜ್ಯ’ ಎಂದು ತೀರ್ಮಾನಿಸಬಹುದೆ? ಕೂಡದು. ಹಾಗಾದರೆ ಎಲ್ಲಿಯವರೆಗೆ ಪರೀಕ್ಷಿಸಬೇಕು?

ಒಂದು ಸಂಖ್ಯೆಯು ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ, ಅವೆರಡೂ ಅದರ ವರ್ಗಮೂಲಕ್ಕಿಂತ ದೊಡ್ಡವಾಗಿರುವುದು ಅಸಾಧ್ಯ. 760ರ ವರ್ಗ 577600. ಆದುದರಿಂದ 760ಕ್ಕಿಂತ ಚಿಕ್ಕವಾದ ಅವಿಭಾಜ್ಯ ಸಂಖ್ಯೆಗಳನ್ನು ಪರೀಕ್ಷಿಸಿದರೆ ಸಾಕು. ಅಂಥವು 134 ಇವೆ. ಅದೃಷ್ಟವಶಾತ್ ನಮಗೆ ಅಷ್ಟು ಶ್ರಮವಿಲ್ಲ. 13ರ ನಂತರದ 17 ಶೇಷವಿಲ್ಲದೆ ಭಾಗಿಸುತ್ತದೆ. ಭಾಗಲಬ್ಧ 33953. ಅದನ್ನು 19 ಭಾಗಿಸುತ್ತದೆ, ಉಳಿಯುವುದು 1787. ಇದರ ವರ್ಗಮೂಲ 43ಕ್ಕಿಂತ ಕಡಿಮೆ. 41ರವರೆಗಿನ ಯಾವ ಅವಿಭಾಜ್ಯವೂ ಇದನ್ನು ಭಾಗಿಸದು. ಆದುದರಿಂದ

577201 = 17 × 19 × 1787.

ಭದ್ರಾವತಿಯ ಸಂಖ್ಯೆ ಇನ್ನಷ್ಟು ಹಠಮಾರಿ. ಮೊದಲಿನ ಹದಿನಾಲ್ಕು ಅವಿಭಾಜ್ಯಗಳೂ ಅದನ್ನು ಭಾಗಿಸಲಾರವು. ಹದಿನೈದನೆಯದಾದ 47 ಮಾತ್ರ ಭಾಗಿಸುತ್ತದೆ. ಭಾಗಲಬ್ಧವಾದ 12283ನ್ನು ಇದೇ ರೀತಿ ಬಿಡಿಸಿದರೆ

577301 = 47 × 71 × 173.

ಎರಡು ಸಂಖ್ಯೆಗಳೂ ಮೂರು ಮೂರು ಭಿನ್ನ ಅವಿಭಾಜ್ಯಗಳ ಗುಣಲಬ್ಧಗಳು. ಇವುಗಳಲ್ಲಿ ಸಾಮಾನ್ಯವಾದುದು ಒಂದೂ ಇಲ್ಲ. ಈ ಕೊನೆಯ ಸಂಗತಿಯನ್ನು ತಿಳಿಯಲು ಅಪವರ್ತನಗಳ ಶೋಧನೆಯೇ ಬೇಕಿರಲಿಲ್ಲ. ಎರಡನ್ನೂ ಭಾಗಿಸುವ ಸಂಖ್ಯೆಯು ಅವುಗಳ ವ್ಯತ್ಯಾಸವಾದ 100ನ್ನೂ ಭಾಗಿಸಬೇಕು. 100ರ ಅವಿಭಾಜ್ಯ ಅಪವರ್ತನಗಳು 2 ಮತ್ತು 5 ಮಾತ್ರ. ಇವು ನಮ್ಮ ಸಂಖ್ಯೆಗಳನ್ನು ಭಾಗಿಸುವುದಿಲ್ಲವಷ್ಟೆ. ಆದುದರಿಂದ ಮಹತ್ತಮ ಸಾಮಾನ್ಯ ಅಪವರ್ತನ 1. ಎರಡು ಸಾವಿರ ವರ್ಷಗಳಿಗೂ ಹಿಂದೆ ಯೂಕ್ಲಿಡನು ವಿವರಿಸಿದ ವಿಧಾನದ ತಿರುಳು ಇದೇ.

ಇದರಲ್ಲಿ ಒಂದು ಗಹನವಾದ ತತ್ತ್ವವಿದೆ. ಸಂಖ್ಯೆಗಳನ್ನು ಗುಣಿಸುವುದು ಸುಲಭ. ಅವುಗಳ ಸಾಮಾನ್ಯ ಅಪವರ್ತನವನ್ನು ಕಾಣುವುದೂ ಸುಲಭ. ಆದರೆ ಗುಣಲಬ್ಧವನ್ನು ಬಿಡಿಸುವುದು ಕಷ್ಟ. 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಈ ಕಷ್ಟವನ್ನೇ ಆಧಾರವಾಗಿಟ್ಟುಕೊಂಡು ಗೂಢಲಿಪಿಯೊಂದನ್ನು ರಚಿಸಿದರು. ಅದರಲ್ಲಿ ಇಂದು ಬಳಸುವ ಸಂಖ್ಯೆಗಳಿಗೆ ಆರುನೂರಕ್ಕೂ ಹೆಚ್ಚು ಅಂಕೆಗಳಿರುತ್ತವೆ. ಅವನ್ನು ಬಿಡಿಸುವ ಸುಲಭ ಮಾರ್ಗವು ದೊರೆತರೆ, ಆ ಲಿಪಿಯನ್ನು ನಂಬಿದ ಗುಟ್ಟುಗಳೆಲ್ಲವೂ ಬಯಲಾಗುವುವು.

ಅಭ್ಯಾಸ: ಚಿಕ್ಕಮಗಳೂರಿನ ಸಂಖ್ಯೆ 577101. ಇದರ ಅತ್ಯಂತ ಚಿಕ್ಕ ಅವಿಭಾಜ್ಯ ಅಪವರ್ತನ ಯಾವುದು? ಮೇಲಿನ ಎರಡು ಸಂಖ್ಯೆಗಳೊಡನೆ ಇದಕ್ಕೆ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲವೆಂಬುದನ್ನು, ಅದನ್ನು ಪೂರ್ತಿಯಾಗಿ ಬಿಡಿಸದೆಯೇ, ವಾಚಕರು ಸಾಧಿಸಿ ನೋಡಲಿ.