ಬೆಸುಗೆಗೂ ಮೊದಲು ನಕ್ಷೆ: ತುರ್ತುದೀಪ ನೀವೇ ಮಾಡಿ

ಮನೆಯಲ್ಲೇ ಮಾಡಿದ ಬ್ಯಾಟರಿ ದೀಪ ಕೈಕೊಟ್ಟರೆ ಎಲ್‌ಇಡಿಯನ್ನೋ ಸೆಲ್ಲನ್ನೋ ದೂರುತ್ತೇವೆ. ಆದರೆ ಮೊದಲು ನೋಡಬೇಕಾದದ್ದು ಬೆಸುಗೆಯನ್ನು. ಯಾವ ವೈರ್ ಎಲ್ಲಿಂದ ಎಲ್ಲಿಗೆ ಎಂಬುದನ್ನು ಕಾಗದದ ಮೇಲೆ ತೀರ್ಮಾನಿಸಿಕೊಂಡ ಮೇಲಷ್ಟೇ ಸೋಲ್ಡರಿಂಗ್ ಐರನ್ ಕೈಗೆತ್ತಿಕೊಳ್ಳಿ.

ಬೇಕಾಗುವ ಸಾಮಾನು

18650 ಲಿಥಿಯಂ ಸೆಲ್, ವೈರ್ ಇರುವ ಹೋಲ್ಡರ್, ರಕ್ಷಣಾ ಸರ್ಕಿಟ್ ಇರುವ ಟಿಪಿ4056 ಚಾರ್ಜಿಂಗ್ ಮಾಡ್ಯೂಲ್ (ಇದರಲ್ಲಿ ‘ಬಿ’ ಮತ್ತು ‘ಔಟ್’ ಎಂದು ಬೇರೆ ಬೇರೆ ತುದಿಗಳಿರುತ್ತವೆ), ವೈರ್ ಸಹಿತ ಹೋಲ್ಡರ್‌ನಲ್ಲಿ 2 ಆಂಪಿಯರ್ ಫ್ಯೂಸ್, ಸ್ವಿಚ್, 3.3 ಓಮ್ 1 ವ್ಯಾಟ್ ರೆಸಿಸ್ಟರ್, 1 ವ್ಯಾಟ್ ಬಿಳಿ ಎಲ್‌ಇಡಿ, ಹೀಟ್ ಶ್ರಿಂಕ್ ಸ್ಲೀವ್, ಮಲ್ಟಿಮೀಟರ್. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆಯಲ್ಲಿ ಇವೆಲ್ಲ ಸಿಗುತ್ತವೆ.

ತುಂಬಿದ ಸೆಲ್‌ನ ವೋಲ್ಟೇಜ್ 4.2. ಎಲ್‌ಇಡಿಗೆ ಸುಮಾರು 3.2 ಸಾಕು. ಉಳಿದ 1 ವೋಲ್ಟ್ ಅನ್ನು ರೆಸಿಸ್ಟರ್ ಹೊತ್ತುಕೊಂಡು ಕರೆಂಟನ್ನು 0.3 ಆಂಪಿಯರ್ ಆಸುಪಾಸಿನಲ್ಲಿ ಹಿಡಿದಿಡುತ್ತದೆ.

1. ನಕ್ಷೆ ಬರೆಯಿರಿ

ಹೋಲ್ಡರ್‌ನ ಕೆಂಪು ವೈರ್ ಫ್ಯೂಸ್ ದಾಟಿ ‘ಬಿ+’ಗೆ, ಕಪ್ಪು ವೈರ್ ನೇರ ‘ಬಿ–’ಗೆ. ‘ಔಟ್+’ನಿಂದ ಸ್ವಿಚ್, ಅಲ್ಲಿಂದ ರೆಸಿಸ್ಟರ್, ಎಲ್‌ಇಡಿ, ಎಲ್‌ಇಡಿಯ ಮೈನಸ್ ‘ಔಟ್–’ಗೆ. ಒಟ್ಟು ಹತ್ತು ಬೆಸುಗೆ. ಪ್ರತಿಯೊಂದಕ್ಕೂ ನಂಬರ್ ಕೊಡಿ. ಫ್ಯೂಸ್ ಸೆಲ್‌ಗೆ ಆದಷ್ಟು ಹತ್ತಿರವಿರಲಿ. ವೈರ್ ಎಲ್ಲೇ ಶಾರ್ಟ್ ಆದರೂ ಅದು ಕಾಯಬೇಕು.

2. ಜಾಗ ಗೊತ್ತುಮಾಡಿ

ಬಿಡಿಭಾಗಗಳನ್ನು ಡಬ್ಬಿಯೊಳಗೆ ಇಟ್ಟು ನೋಡಿ, ಆಮೇಲೆ ವೈರ್ ಕತ್ತರಿಸಿ. ಮುಚ್ಚಳ ತೆರೆಯುವಾಗ ವೈರ್ ಬಿಗಿಯದಂತೆ ಎರಡು ಬೆರಳು ಹೆಚ್ಚಿಗೆ ಬಿಡಿ. ರೆಸಿಸ್ಟರ್ ಬಿಸಿಯಾಗುವುದರಿಂದ ಅದನ್ನು ಸೆಲ್‌ನಿಂದ ದೂರವಿಡಿ. ಎಲ್‌ಇಡಿಯನ್ನು ಅಲ್ಯೂಮಿನಿಯಂ ಪಟ್ಟಿಯ ಮೇಲೆ ಕೂರಿಸಿ.

3. ಬೆಸೆಯಿರಿ

ಸೆಲ್ ಹೋಲ್ಡರ್‌ನಿಂದ ಹೊರಗಿರಲಿ. ಸೆಲ್‌ಗೆ ನೇರವಾಗಿ ಎಂದೂ ಬೆಸುಗೆ ಹಾಕಬೇಡಿ. ಆ ಶಾಖಕ್ಕೆ ಒಳಗಿನ ಪದರಗಳು ಹಾಳಾಗಿ ಬೆಂಕಿ ಹೊತ್ತಿಕೊಳ್ಳಬಹುದು.

ಮೊದಲು ಸ್ಲೀವ್ ತೂರಿಸಿ. ವೈರ್‌ನ ತುದಿ 5 ಮಿಲಿಮೀಟರ್ ಸುಲಿದು, ಎಳೆಗಳನ್ನು ಹೊಸೆದು, ತೆಳುವಾಗಿ ಸೋಲ್ಡರ್ ಹಿಡಿಸಿ. ಸ್ವಿಚ್‌ನ ಕಿವಿಗೆ ವೈರನ್ನು ಕೊಕ್ಕೆಯಂತೆ ಸಿಕ್ಕಿಸಿ. ಹಿಡಿತ ಕೊಕ್ಕೆಯದು, ಕರೆಂಟ್ ದಾಟಿಸುವುದಷ್ಟೇ ಸೋಲ್ಡರ್‌ನ ಕೆಲಸ. 60/40 ಸೋಲ್ಡರ್‌ಗೆ ಐರನ್ 320ರಿಂದ 350 ಡಿಗ್ರಿ ಸೆಲ್ಸಿಯಸ್ ಇರಲಿ. ಎರಡು ಮೂರು ಸೆಕೆಂಡು ಲೋಹವನ್ನು ಕಾಯಿಸಿ, ಸೋಲ್ಡರನ್ನು ಐರನ್‌ಗಲ್ಲ, ಕಾದ ಲೋಹಕ್ಕೆ ತಾಗಿಸಿ. ಹೊಳಪಾಗಿ ಇಳಿಜಾರಿನಂತೆ ಹರಡಿದರೆ ಬೆಸುಗೆ ಸರಿ. ಮಂಕು ಗುಂಡಿಯಂತೆ ಕೂತರೆ ಅದು ಡ್ರೈ ಸೋಲ್ಡರ್, ಮತ್ತೆ ಕಾಯಿಸಿ. ಕಿಟಕಿ ತೆರೆದಿರಲಿ. ಸೋಲ್ಡರ್‌ನಲ್ಲಿ ಸೀಸವಿದೆ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ.

4. ಪರೀಕ್ಷಿಸಿ

ಸೆಲ್ ಹಾಕುವ ಮೊದಲು ಹೋಲ್ಡರ್‌ನ ಎರಡು ತುದಿಗಳ ನಡುವೆ ಮೀಟರ್ ಬೀಪ್ ಎನ್ನುತ್ತಲೇ ಇದ್ದರೆ ಶಾರ್ಟ್ ಆಗಿದೆ ಎಂದರ್ಥ. ಪ್ಲಸ್, ಮೈನಸ್ ಇನ್ನೊಮ್ಮೆ ನೋಡಿ. ಸೆಲ್ ತಿರುಗಾಮುರುಗಾ ಆದರೆ ಮಾಡ್ಯೂಲ್ ಸುಟ್ಟುಹೋಗುತ್ತದೆ. ಸೆಲ್ ಹಾಕಿದರೂ ದೀಪ ಹತ್ತದಿದ್ದರೆ 5 ವೋಲ್ಟ್ ಚಾರ್ಜರ್ ಒಮ್ಮೆ ಜೋಡಿಸಿ. ರಕ್ಷಣಾ ಸರ್ಕಿಟ್ ಆಗ ಕೆಲಸ ಶುರುಮಾಡುತ್ತದೆ. ದೀಪ ಉರಿಯುವಾಗ ವೈರ್‌ಗಳನ್ನು ಮೆಲ್ಲಗೆ ಅಲ್ಲಾಡಿಸಿ. ಬೆಳಕು ಮಿನುಗಿದರೆ ನಕ್ಷೆಯಲ್ಲಿ ಆ ನಂಬರ್ ಹುಡುಕಿ, ಅದೊಂದನ್ನೇ ಮತ್ತೆ ಬೆಸೆಯಿರಿ.

ದೀಪ ಆರಿಸಿಯೇ ಚಾರ್ಜ್ ಮಾಡಿ. ಉಬ್ಬಿದ, ತಗ್ಗುಬಿದ್ದ, ಹೊದಿಕೆ ಹರಿದ ಸೆಲ್ ಬಳಸಬೇಡಿ. ಅದನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.