ಕಾರ್ಡು ನೆರಳಲ್ಲೇ ಒಣಗಲಿ

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆ ಸೋದರಮಾವನಿಗೆ ಕೊಟ್ಟ ಹೆಣ್ಣುಮಕ್ಕಳು ಓಣಿಗೊಬ್ಬರಾದರೂ ಸಿಗುತ್ತೇವೆ. ನನಗೆ ಅಜ್ಜಿಯೇ ಅತ್ತೆ. ಹಸುಗೂಸಿಗೆ ಫಿಟ್ಸ್ ಬಂದಾಗ ಬಾಲಗ್ರಹ ಅಂದವಳು, ಕೂದಲುದುರಿ ಬಾಯಿ ಸುತ್ತ ಕೆಂಪಾದಾಗ ಕೊಟ್ಟೂರೇಶ್ವರನಿಗೆ ಹರಕೆ ಹೊರಿಸಿದವಳು ಅವಳೇ. ಹರಕೆಗೆ ನನ್ನ ತಕರಾರಿಲ್ಲ. ಆಸ್ಪತ್ರೆ ಬೇಡ ಅಂದದ್ದಕ್ಕಿದೆ.

ಕೊನೆಗೆ ಒಬ್ಬ ಡಾಕ್ಟರು ಬಯೋಟಿನಿಡೇಸ್ ಎಂಬ ಕಿಣ್ವದ ಕೊರತೆ ಇರಬಹುದೆಂದು ಗುಮಾನಿಪಟ್ಟರು. ಫಿಲ್ಟರ್ ಪೇಪರ್ ಕಾರ್ಡಿಗೆ ರಕ್ತದ ಹನಿ ಹಾಕಿ ಬೆಂಗಳೂರಿಗೆ ಕಳಿಸಬೇಕು, ರಿಪೋರ್ಟ್ ಬರುವತನಕ ಕಾಯಿರಿ ಎಂದರು. ರಕ್ತ ತೆಗೆದ ಪುಣ್ಯಾತ್ಮ ಹನಿಯ ಮೇಲೆ ಹನಿ ಹಾಕಿ, ಹಸಿ ಕಾರ್ಡನ್ನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಗೆ ತುರುಕಿದ. ಕಿಣ್ವವೆಂದರೆ ಪ್ರೋಟೀನು, ಕಾವು, ತೇವ ತಡೆಯದು. 'ಸ್ಯಾಂಪಲ್ ಕೆಟ್ಟಿದೆ' ಎಂದು ಲ್ಯಾಬಿನಿಂದ ಉತ್ತರ ಬಂತು.

ಆ ಉತ್ತರ ಬಂದ ಮರುದಿನವೇ ದಾವಣಗೆರೆ ಬಸ್ಸು ಹತ್ತಿದೆವು. ಕೊಟ್ಟೂರು ದಾಟಿದ ಮೇಲೆ ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿತು, ಕೈಕಾಲು ಸೆಟೆದವು, ತುಟಿ ನೀಲಿಯಾಯಿತು. ಒಬ್ಬರು ಕಬ್ಬಿಣದ ಕೀ ಹಿಡಿಸಿದರು, ಒಬ್ಬರು ಈರುಳ್ಳಿ ಮೂಸಿಸಿದರು, ಇನ್ನೊಬ್ಬರು ಬಾಯಿಗೆ ಚಮಚ ತುರುಕಲು ಬಂದರು. 'ಮುಟ್ಟಬ್ಯಾಡ್ರಿ' ಅಂತ ಚೀರಿ, ಮಗುವನ್ನು ಮಗ್ಗುಲಿಗೆ ತಿರುಗಿಸಿ ಹಿಡಿದೆ. ಹರಪನಹಳ್ಳಿ ಬರಲೊಲ್ಲದು. ಕಂಡಕ್ಟರ್ ಎಲ್ಲೂ ನಿಲ್ಲಿಸದೆ ಆಸ್ಪತ್ರೆ ಬಾಗಿಲಿಗೇ ಬಸ್ ಒಯ್ದ.

ದಾವಣಗೆರೆಯಲ್ಲಿ ಹೊಸ ಕಾರ್ಡಿಗೆ ರಕ್ತ ತೆಗೆದವರೇ, ರಿಪೋರ್ಟಿಗೆ ಕಾಯದೆ ಬಯೋಟಿನ್ ಗುಳಿಗೆ ಶುರುಮಾಡಿದರು. ಲ್ಯಾಬಿನಲ್ಲಿ ಕಾರ್ಡಿನಿಂದ ಪುಟ್ಟ ಬಿಲ್ಲೆ ಕತ್ತರಿಸಿ ರಾಸಾಯನಿಕ ಬೆರೆಸುತ್ತಾರೆ. ಕಿಣ್ವ ಕೆಲಸ ಮಾಡಿದರೆ ಬಣ್ಣ ಏರುತ್ತದೆ. ನನ್ನ ಮಗಳದಕ್ಕೆ ಏರಲಿಲ್ಲ. ಗುಳಿಗೆಯಿಂದ ಫಿಟ್ಸ್ ನಿಂತಿತು, ಕೂದಲು ಬಂತು. ಅಷ್ಟರಲ್ಲೇ ಹೋಗಿದ್ದ ಕಿವಿ ಮಾತ್ರ ಬರಲಿಲ್ಲ. ಹುಟ್ಟಿದ ವಾರದಲ್ಲೇ ಗೊತ್ತಾಗಿದ್ದರೆ ಅದೂ ಉಳಿಯುತ್ತಿತ್ತು. 1980ರಲ್ಲಿ ಶುರುವಾದ ಯೋಜನೆಯಲ್ಲಿ ಇದೇ ಕರ್ನಾಟಕದಲ್ಲಿ 1,12,269 ಶಿಶುಗಳ ರಕ್ತವನ್ನು ಅಮೈನೋ ಆಮ್ಲದ ಕಾಯಿಲೆಗಳಿಗಾಗಿ ಪರೀಕ್ಷಿಸಿದ್ದರಂತೆ. ನಮ್ಮ ಹೆರಿಗೆ ವಾರ್ಡಿಗೆ ಅಂಥ ಒಂದು ಕಾರ್ಡೂ ಬರಲಿಲ್ಲವಲ್ಲ!

ನಿಮಗೆ ಹೇಳುವುದಿಷ್ಟು: ಪ್ರತಿ ವೃತ್ತಕ್ಕೂ ಒಂದೇ ಹನಿ, ಒಂದೇ ಬದಿಗೆ. ನೆರಳಲ್ಲಿ ಮಲಗಿಸಿ ಮೂರು-ನಾಲ್ಕು ತಾಸು ಒಣಗಿಸಿ, ಆಮೇಲೆ ಚೀಲಕ್ಕೆ ಹಾಕಿ. ರಕ್ತ ತೆಗೆದ ಮೇಲೆ ಔಷಧಿ ತಕ್ಷಣ ಶುರುಮಾಡಬಹುದೇ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ತಂದೆ ತಾಯಿ ಇಬ್ಬರಲ್ಲೂ ದೋಷದ ಜೀನ್ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ರಕ್ತಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅದೇ ಜೀನ್ ಇರುವ ಸಂಭವ ಹೆಚ್ಚು.

ಅಜ್ಜಿ ಈಗ ತಂಗಿಗೂ ಮನೆಯೊಳಗಿನ ಗಂಡನ್ನೇ ನೋಡುತ್ತಿದ್ದಾಳೆ. ಈ ಸಲ ನಾನು ಸುಮ್ಮನಿರುವವಳಲ್ಲ.