ಊರು ಹಾಳಾಯಿತೋ, ಊರನ್ನು ಬಿಟ್ಟುಹೋದರೋ?



*ಇಂದಿನ ಧಮ್ಮ ಚಿಂತನೆ: ಅನಿಚ್ಚ*

ಧಮ್ಮ ಬಂಧುಗಳೇ,

ಯಾವುದೂ ಶಾಶ್ವತವಲ್ಲ, ಎಲ್ಲವೂ ಬದಲಾಗುತ್ತದೆ. ಇದು ಅನಿಚ್ಚ. ನಮ್ಮೆಲ್ಲರಿಗೂ ಬಾಯಿಪಾಠ. ಆದರೆ ಈ ಮಾತನ್ನು ಎರಡು ರೀತಿಯಲ್ಲಿ ಹೇಳಬಹುದು. ಒಂದು, ತಿಳಿದುಕೊಳ್ಳುವುದಕ್ಕೆ. ಇನ್ನೊಂದು, ಕೈತೊಳೆದುಕೊಳ್ಳುವುದಕ್ಕೆ. ಈ ವ್ಯತ್ಯಾಸ ನನಗೆ ಮನದಟ್ಟಾದದ್ದು ಕೋಲಾರ ಚಿನ್ನದ ಗಣಿಯಲ್ಲಿ.

ಬೆಂಗಳೂರಿನಿಂದ ಕೆಜಿಎಫ್‌ಗೆ ಒಂದು ದಿನದ ಪ್ರವಾಸ ಹೋದ ಗುಂಪಿನಲ್ಲಿ ನಾನೂ ಇದ್ದೆ. ಊರು ತೋರಿಸಿದವರು ಗಣಿಯಲ್ಲೇ ದುಡಿದ ಒಬ್ಬ ಹಿರಿಯರು. ಊರ್ಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಎಲ್ಲ ಸುತ್ತಿಸಿದರು. ಚಕ್ರ ನಿಂತುಹೋದ ಶಾಫ್ಟ್‌ಗಳು, ಪಾಳುಬಿದ್ದ ಬಂಗಲೆಗಳು, ಗಾಳಿ ಬೀಸಿದರೆ ಧೂಳೆಬ್ಬಿಸುವ ಸೈನೈಡ್ ಗುಡ್ಡಗಳು. ನಮ್ಮಲ್ಲೊಬ್ಬರು ಫೋಟೊ ತೆಗೆಯುತ್ತ, "ಪಕ್ಕಾ ಘೋಸ್ಟ್ ಟೌನ್. ಎಲ್ಲಾ ಅನಿತ್ಯ ಬಿಡಿ" ಅಂದರು.

ಹಿರಿಯರು ನಗುತ್ತಲೇ ಕೇಳಿದರು: "ಭೂತದ ಊರಾದರೆ ನಾನು ಯಾರಪ್ಪ? ನನ್ನ ಮನೆ ಅಗೋ, ಆ ಲೈನಿನಲ್ಲೇ ಇದೆ."

ಆ ಪ್ರಶ್ನೆಯೇ ಇಂದಿನ ಪಾಠ.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂದದ್ದು 1880ರಲ್ಲಿ. ಶಿವನಸಮುದ್ರದ ವಿದ್ಯುತ್ ಈ ಗಣಿಗಳಿಗೆ 1902ರಲ್ಲೇ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಸುಮಾರು 120 ವರ್ಷಗಳಲ್ಲಿ 800 ಟನ್‌ನಷ್ಟು ಚಿನ್ನ ಹೊರಬಂತು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ.ಗೂ ಹೆಚ್ಚು.

ಅಷ್ಟು ಆಳಕ್ಕೆ ಇಳಿದವರು ಯಾರು? ಹೆಚ್ಚಿನವರು ಉತ್ತರ ಆರ್ಕಾಟ್ ಕಡೆಯಿಂದ ಬಂದ ತಮಿಳು ದಲಿತರು. ಸಾಹೇಬರಿಗೆ ಬಂಗಲೆ, ಕ್ಲಬ್ಬು. ಇವರಿಗೆ ಬಿದಿರು ತಟ್ಟಿಯ ಗುಡಿಸಲು, ಕಲ್ಲಿನ ಧೂಳು, ಸಿಲಿಕೋಸಿಸ್. 1930ರಲ್ಲಿ ಎಲ್ಲರೂ ಬೆರಳಚ್ಚು ಕೊಡಬೇಕೆಂದು ಕಂಪನಿ ಹೇಳಿದಾಗ, ನಾವೇನು ಕಳ್ಳರೇ ಎಂದು ಕೆಲಸ ನಿಲ್ಲಿಸಿ ಕೂತವರೂ ಇವರೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಬೆಳಗಿನ ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಊರು ಸತ್ತಿಲ್ಲ. ಚಿನ್ನ ಒಯ್ದವರು ಬಿಟ್ಟುಹೋಗಿದ್ದಾರೆ, ಅಷ್ಟೆ.

ಬಂಧುಗಳೇ, ಅದಿರು ತೀರುವುದು ಪ್ರಕೃತಿಯ ನಿಯಮ. ಅದು ಅನಿಚ್ಚ. ಆದರೆ ತಲೆಮಾರುಗಟ್ಟಲೆ ದುಡಿದವರ ಪಾಲಿಗೆ ಕೆಮ್ಮು ಮತ್ತು ಧೂಳು ಮಾತ್ರ ಉಳಿಯುವುದು ಮನುಷ್ಯರು ಕಟ್ಟಿದ ವ್ಯವಸ್ಥೆ. ಅದು ದುಕ್ಖ. ದುಕ್ಖಕ್ಕೆ ಕಾರಣವಿದೆ, ಕಾರಣ ತೆಗೆದರೆ ನಿವಾರಣೆಯಿದೆ ಎಂದು ಬುದ್ಧ ಗುರು ಹೇಳಿದ್ದಾರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ "ಎಲ್ಲಾ ಅನಿತ್ಯ" ಅಂದುಬಿಟ್ಟರೆ, ಹಳೆಯ ಹಣೆಬರಹವೇ ಪಾಲಿ ಹೆಸರಿಟ್ಟುಕೊಂಡು ಹಿಂಬಾಗಿಲಿನಿಂದ ಒಳಗೆ ಬಂದಂತೆ.

ಬಾಬಾಸಾಹೇಬರು ಹಾಗೆ ಅನ್ನಲಿಲ್ಲ. ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, 1943ರ ಡಿಸೆಂಬರ್‌ನಲ್ಲಿ ಧನಬಾದ್ ಕಡೆಯ ಕಲ್ಲಿದ್ದಲು ಗಣಿಯೊಳಗೆ ತಾವೇ ಇಳಿದು ಕಾರ್ಮಿಕರ ಸ್ಥಿತಿ ನೋಡಿದರು. ಮರುವರ್ಷವೇ ಕಲ್ಲಿದ್ದಲು ಗಣಿ ಕಾರ್ಮಿಕರ ಕಲ್ಯಾಣ ನಿಧಿ ಬಂತು. ಕಾರಣ ಹುಡುಕಿ ಕಣ್ಣಾರೆ ನೋಡುವುದು, ಆಮೇಲೆ ಪರಿಹಾರಕ್ಕೆ ಕೈಹಾಕುವುದು. ಸಮ್ಮಾ ದಿಟ್ಠಿ ಎಂದರೆ ಇದೇ.

ಇನ್ನೊಂದು ಸಂಗತಿಯನ್ನು ನಾವು ಮರೆಯಬಾರದು. ಪಂಡಿತ ಅಯೋತಿ ದಾಸರು 1898ರಲ್ಲಿ ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅದರ ಶಾಖೆ ಚಿನ್ನದ ಗಣಿಯ ಕಾರ್ಮಿಕರ ನಡುವೆಯೂ ಬೇರುಬಿಟ್ಟಿತು. ಅವರು ಹೊರಡಿಸುತ್ತಿದ್ದ 'ತಮಿಳನ್' ಪತ್ರಿಕೆ, ಅವರು ತೀರಿಕೊಂಡ ಮೇಲೆ, ಕೆಜಿಎಫ್‌ನಿಂದಲೇ ಮತ್ತೆ ಹೊರಬಂತು. ನಾಗಪುರದ ದೀಕ್ಷೆಗೆ ದಶಕಗಳ ಮೊದಲೇ ಈ ನೆಲದಲ್ಲಿ ದುಡಿಯುವ ಜನ ಪಂಚಶೀಲ ಹೇಳುತ್ತಿದ್ದರು. ನೆಲದಡಿ ಕತ್ತಲಲ್ಲಿ ದುಡಿದು ಬಂದವರು ಮೇಲೆ ಬಂದು ಓದಿನ ದೀಪ ಹಚ್ಚಿದರು. ಇಂದು ನಮ್ಮ ಅಧ್ಯಯನ ಬಳಗದಲ್ಲಿ ನಾವು ಮಾಡುತ್ತಿರುವುದೂ ಅದೇ ಕೆಲಸ.

ಅನಿಚ್ಚ ಎರಡೂ ಕಡೆಗೆ ಅನ್ವಯಿಸುತ್ತದೆ. ಬಂಗಲೆ ಉಳಿಯದು, ಕಂಪನಿ ಉಳಿಯದು, ಜಾತಿಯೂ ಉಳಿಯಬೇಕಾಗಿಲ್ಲ. ಹಾಗೆಯೇ ನಾವು ಕೈಬಿಟ್ಟರೆ ನಮ್ಮ ಹಿರಿಯರ ನೆನಪೂ ಉಳಿಯದು.

*ಇಂದಿನ ಅಭ್ಯಾಸ*

1. ಹತ್ತು ನಿಮಿಷ ಆನಾಪಾನ ಸತಿ. ಉಸಿರು ಬಂದು ಹೋಗುವುದನ್ನು ಗಮನಿಸಿ.

2. ಮನೆಯ ಹಿರಿಯರಲ್ಲಿ ಒಬ್ಬರನ್ನು ಕೇಳಿ: ನೀವು ಎಲ್ಲಿ ದುಡಿದಿರಿ? ಆ ದುಡಿಮೆಯ ಲಾಭ ಯಾರಿಗೆ ಹೋಯಿತು? ಉತ್ತರವನ್ನು ಇವತ್ತೇ ಬರೆದಿಡಿ, ಇಲ್ಲವೇ ಫೋನಿನಲ್ಲಿ ರೆಕಾರ್ಡ್ ಮಾಡಿ. ನಾಳೆ ಕೇಳೋಣ ಅಂದುಕೊಳ್ಳಬೇಡಿ. ಅನಿಚ್ಚ ನಮಗೆ ಹೇಳುವುದೂ ಅದನ್ನೇ.

ಭವತು ಸಬ್ಬ ಮಂಗಲಂ.
ಸಾಧು ಸಾಧು ಸಾಧು.